ಸುತ್ತಿಗೆ ಎತ್ತಿ ಮಣಿಕಟ್ಟು ಗಟ್ಟಿ ಮಾಡ್ಕೋಬೇಕಾ? ಮೊದಲು ಕಾವು ನೋಡಿ, ಆಮೇಲೆ ಕೈ ಹಾಕಿ

ವಡಗೇರಾ: ಜಾತ್ರೆ, ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಈ ಭಾಗದ ಹುಡುಗರಿಗೆ ಗುಂಡುಕಲ್ಲಿನ ನೆನಪಾಗುತ್ತದೆ. ಪಕ್ಕದ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದ ಮುಂಗಾರು ಹಬ್ಬಕ್ಕೆ ಎತ್ತುಗಳು ಭಾರದ ಕಲ್ಲು ಎಳೆಯೋದನ್ನ ನೋಡಲು ಇಲ್ಲಿಂದಲೂ ಜನ ಹೋಗ್ತಾರೆ. ಅಲ್ಲೇ ಕುಸ್ತಿ, ಕಲ್ಲು ಎತ್ತುವ ಪೈಪೋಟಿಯೂ ಇರುತ್ತೆ. ತಯಾರಿ ಮಾಡುವವರು ತೋಳು, ಎದೆ, ಬೆನ್ನು ನೋಡ್ಕೋತಾರೆ. ಮಣಿಕಟ್ಟಿನ ಕಡೆ ಲಕ್ಷ್ಯ ಇರೋದಿಲ್ಲ. ಕಲ್ಲು ಕೈ ಜಾರೋದು ಬಹಳ ಸಲ ಅಲ್ಲೇ.

ಮಣಿಕಟ್ಟಿಗೆ ಹಳೆಯ ಕಸರತ್ತು ಒಂದಿದೆ. ಸುತ್ತಿಗೆಯ ಕಾವು ಹಿಡಿದು, ಮೊಣಕೈ ಅಲ್ಲಾಡಿಸದೆ, ಬರೀ ಮಣಿಕಟ್ಟಿನಿಂದ ತಲೆಯನ್ನು ಎತ್ತಿ ಇಳಿಸೋದು. ಗರಡಿ ಮನೆಯ ಗದೆ, ಮುದ್ಗರದ್ದೂ ಇದೇ ಲೆಕ್ಕ: ಭಾರವೆಲ್ಲ ಒಂದು ತುದಿಗೆ, ಹಿಡಿತ ಇನ್ನೊಂದು ತುದಿಗೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಲ್ಲು ಕ್ವಾರಿಯಲ್ಲಿ ದುಡಿದ ಸ್ಲಿಮ್ ಫಾರ್ಮನ್ ಎಂಬಾತ ಇದರಲ್ಲೇ 'ಹ್ಯಾಮರ್ ಮ್ಯಾನ್' ಅಂತ ಹೆಸರು ಮಾಡಿದ. ಈಗ ಮೊಬೈಲ್‌ನಲ್ಲಿ ಇಂಥ ವಿಡಿಯೊ ಸಿಗುತ್ತವೆ. ಆದರೆ ಫಾರ್ಮನ್‌ನ ಕೈ ವರ್ಷಗಟ್ಟಲೆ ಕಲ್ಲು ಒಡೆದು ಹದವಾಗಿತ್ತು ಅನ್ನೋದು ಅರ್ಧ ನಿಮಿಷದ ವಿಡಿಯೊದಲ್ಲಿ ಕಾಣೋದಿಲ್ಲ.

ಮೊದಲು ಸುತ್ತಿಗೆ ಪರೀಕ್ಷೆ ಮಾಡಬೇಕು. ಬ್ಯಾಸಗಿ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುತ್ತೆ, ತಲೆ ಸಡಿಲಾಗುತ್ತೆ. ನೀರಲ್ಲಿ ನೆನೆಸಿಟ್ಟರೆ ಬಿಗಿಯಾದಂತೆ ಕಾಣುತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಕಂಬಾರರ ಹತ್ತಿರ ಹೋಗಿ ಬೆಣೆ ಹೊಡೆಸಿ. ಕಾವು ಸೀಳಿದ್ದರೆ ತಂತಿ ಸುತ್ತಿ ಸುಧಾರಿಸಬೇಡಿ, ಹೊಸದು ಹಾಕಿಸಿ.

ಇನ್ನು ಭಾರದ ಮಾತು. 'ಎರಡು ಕೆಜಿ ಸುತ್ತಿಗೆ ಏನ್ ಮಹಾ? ಐವತ್ತು ಕೆಜಿ ಸಿಮೆಂಟ್ ಚೀಲ ಹೊರ್ತೀವಿ' ಅನ್ನೋರಿದ್ದಾರೆ. ಚೀಲವನ್ನು ಬೆನ್ನು, ಹೆಗಲು, ಕಾಲು ಎಲ್ಲಾ ಸೇರಿ ಹೊರುತ್ತವೆ. ಇಲ್ಲಿ ಮಣಿಕಟ್ಟು ಒಂಟಿ. ಬೋರಿಂಗ್ ಹ್ಯಾಂಡಲ್‌ನ ತುದಿ ಹಿಡಿದರೆ ಒತ್ತೋದು ಹಗುರ, ನಡುವೆ ಹಿಡಿದರೆ ಭಾರ. ಸುತ್ತಿಗೆಗೆ ಇದು ತಿರುವುಮುರುವು. ತಲೆಯಿಂದ 1 ಗೇಣು ದೂರ ಹಿಡಿದಾಗ ಮಣಿಕಟ್ಟಿಗೆ ಬೀಳುವ ಹೊರೆ, 3 ಗೇಣು ದೂರ ಹಿಡಿದರೆ ಸುಮಾರು 3 ಪಟ್ಟು ಆಗುತ್ತೆ. ಸುತ್ತಿಗೆ ಅದೇ, ಕೈ ಮಾತ್ರ ಹಿಂದೆ ಸರಿದಿದೆ. ನೆಟ್ಟಗೆ ನಿಂತಾಗ ಹೊರೆಯೇ ಇಲ್ಲ ಅನ್ನಿಸುವ ತಲೆ, ವಾಲುತ್ತಾ ಹೋದಂತೆ ಭಾರವಾಗಿ ಅಡ್ಡಕ್ಕೆ ಬಂದಾಗ ಪೂರ್ತಿ ಭಾರ ಹಾಕುತ್ತೆ. ಸುತ್ತಿಗೆಯನ್ನು ಮುಖದ ಕಡೆ ಇಳಿಸುವ ವಿಡಿಯೊ ಆಟ ಅಪಾಯ ಆಗೋದು ಇದಕ್ಕೇ: ತಡೆಯೋಕೆ ಆಗಲ್ಲ ಅಂತ ಗೊತ್ತಾಗುವಷ್ಟರಲ್ಲಿ ಅದು ಮೂಗಿನ ಮೇಲೆ. ಹೊಸಬರು ಅದರ ಗೊಡವೆಗೆ ಹೋಗಲೇಬಾರದು.

ಶುರು ಮಾಡೋದಾದರೆ 1 ಅಥವಾ 2 ಕೆಜಿ ಸುತ್ತಿಗೆ ಸಾಕು. ತಲೆಯಿಂದ ಒಂದು ಗೇಣು ದೂರ ಹಿಡಿದು ನೆಟ್ಟಗೆ ನಿಂತು, ಕೈ ಪಕ್ಕಕ್ಕೆ ಇಳಿಬಿಡಿ. ತಲೆ ಮುಂದಕ್ಕಿರಲಿ. ಮೊಣಕೈ ಮಡಚದೆ, ಹೆಗಲು ಎತ್ತದೆ, ಹೆಬ್ಬೆರಳಿನ ಕಡೆಯಿಂದ ನಿಧಾನ ಎತ್ತಿ, ಅಷ್ಟೇ ನಿಧಾನ ಇಳಿಸಿ. ಆಮೇಲೆ ತಲೆ ಹಿಂದಕ್ಕೆ ಬರುವಂತೆ ಹಿಡಿದು ಅದೇ ರೀತಿ. ಮೂರನೆಯದು, ಮುಂಗೈ ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗಿರುವಂತೆ ಕೂತು, ಸುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸೋದು. ಒಂದೊಂದಕ್ಕೆ 8-10 ಸಲ, ಎರಡು ಸುತ್ತು. ಸೋತ ಕೈಯಿಂದ ಶುರು ಮಾಡಿ, ಇನ್ನೊಂದಕ್ಕೂ ಅಷ್ಟೇ ಲೆಕ್ಕ. ಇಳಿಸುವಾಗ ಕೈ ನಡುಗಿದರೆ ಅವತ್ತಿಗೆ ಮುಗೀತು. ಸುತ್ತಮುತ್ತ ಮಕ್ಕಳು ಇರಬಾರದು, ಬೆವತ ಕೈ ಒರೆಸಿಕೊಂಡೇ ಹಿಡಿಯಬೇಕು.

ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡಬೇಕು. ಮಣಿಕಟ್ಟಿನಲ್ಲಿ ಇರೋದು 8 ಸಣ್ಣ ಎಲುಬು ಮತ್ತು ಹಗ್ಗದಂಥ ಸ್ನಾಯುರಜ್ಜುಗಳು. ಎಳೆಯುವ ಮಾಂಸಖಂಡವೆಲ್ಲ ಮುಂಗೈಯಲ್ಲಿದೆ. ಮಾಂಸ ಬೇಗ ಗಟ್ಟಿಯಾಗುತ್ತೆ, ರಕ್ತ ಕಡಿಮೆ ಹರಿಯುವ ರಜ್ಜು ತಡವಾಗಿ. ಆದ್ದರಿಂದ ಶಕ್ತಿ ಬಂತು ಅನ್ನಿಸಿದಾಗಲೇ ಪೆಟ್ಟಾಗೋದು ಜಾಸ್ತಿ. ಹತ್ತು ಸಲ ಸಲೀಸಾಗಿ ಬಂದ ಮೇಲೂ ಎರಡು-ಮೂರು ವಾರ ಅಲ್ಲೇ ಇದ್ದು, ಆಮೇಲೆ ಕೈಯನ್ನು ಒಂದೆರಡು ಬೆರಳಿನಷ್ಟು ಹಿಂದೆ ಸರಿಸಿ. ಕಾವಿನ ಮೇಲೆ ಪೆನ್ಸಿಲ್ ಗೆರೆ ಹಾಕಿದರೆ ಎಲ್ಲಿದ್ದೀವಿ ಅಂತ ತಿಳಿಯುತ್ತೆ. ಜಾತ್ರೆ ಇನ್ನು ಹದಿನೈದು ದಿನ ಇದೆ ಅಂದಾಗ ಶುರು ಮಾಡಿ ಉಪಯೋಗವಿಲ್ಲ.

ಮುಂಗೈ ಬಿಗಿಯೋದು, ಮರುದಿನ ಮೈಕೈ ನೋವು ಸಹಜ. ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂತಾದರೆ, ಕಿರುಬೆರಳಿನ ಕಡೆ ಕಟಕ್ ಅಂದು ನೋವಾದರೆ, ಬೆರಳು ಜುಮ್ಮೆಂದರೆ ಕೂಡಲೇ ನಿಲ್ಲಿಸಬೇಕು. ವಾರದಲ್ಲಿ ಹೋಗದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ.

ಬೈಕಿನಿಂದಲೋ, ಕೆಲಸದಲ್ಲೋ ಬಿದ್ದು ಅಂಗೈ ಊರಿ, ಆಮೇಲೆ ಹೆಬ್ಬೆರಳಿನ ಬುಡ ನೋಯುತ್ತಿರುವವರು ಸುತ್ತಿಗೆ ಮುಟ್ಟಲೇಬಾರದು. ಅಲ್ಲಿನ ಸಣ್ಣ ಎಲುಬು ಮುರಿದಿದ್ದರೂ ಬರೀ ಉಳುಕಿದಂತೆ ಕಾಣುತ್ತೆ, ಮೊದಲ ಎಕ್ಸ್‌ರೇಯಲ್ಲಿ ಕೂಡ ಕೆಲವೊಮ್ಮೆ ಸಿಗೋದಿಲ್ಲ. ತಿಕ್ಕಿಸಿ, ಎಳೆಸಿ ಬಿಟ್ಟರೆ ಎಲುಬು ಕೂಡದೇ ಉಳಿಯಬಹುದು. ಬೆಂಗಳೂರು, ಮುಂಬೈಗೆ ದುಡಿಯಲು ಹೋಗುವ ಮನೆಗಳಲ್ಲಿ ಒಂದು ಕೈ ಕುಂತರೆ ಹಂಗಾಮಿನ ಕೂಲಿಯೇ ಹೋಯ್ತು. ನೋವು ಉಳಿದಿದ್ದರೆ ಹತ್ತು-ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ಮಾಡಿಸಲು ಡಾಕ್ಟರನ್ನು ಕೇಳಿ.