ಕಾರಿನ ಸ್ಟೀರಿಯೊ ಮನೆಯಲ್ಲಿ ಹಾಡುವುದೇ?

ಮಕ್ಕಳೇ, ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗೆ ಹೋಗುವ ವಾಹನಗಳಿಂದ ಹಾಡು ಕೇಳಿಬರುವುದನ್ನು ನೀವು ಗಮನಿಸಿರಬಹುದು. ಕಾರು ಹಳೆಯದಾಗಿ ಗುಜರಿಗೆ ಹೋದರೂ ಕೆಲವೊಮ್ಮೆ ಅದರ ಸ್ಟೀರಿಯೊ ಚೆನ್ನಾಗಿಯೇ ಇರುತ್ತದೆ. ಅದನ್ನು ಮನೆಯಲ್ಲಿ ಹಾಡಿಸಬಹುದೇ? ಹಾಡಿಸಬಹುದು. ಆದರೆ ಗೋಡೆಯ ಸಾಕೆಟ್‌ಗೆ ನೇರವಾಗಿ ಜೋಡಿಸಿದರೆ ಸ್ಟೀರಿಯೊ ಸುಟ್ಟುಹೋಗುತ್ತದೆ. ಮುಟ್ಟಿದವರ ಜೀವಕ್ಕೂ ಅಪಾಯ. ಏಕೆ ಗೊತ್ತೇ?

ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್ ಮಾತ್ರ. ಅದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಮನೆಗೆ ಬರುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್. ಇದು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ.

ಮನೆಗಳಿಗೆ ಪರ್ಯಾಯ ವಿದ್ಯುತ್ತನ್ನು ಕೊಡುವುದೇಕೆ? ಟ್ರಾನ್ಸ್‌ಫಾರ್ಮರ್‌ನಿಂದ ಅದರ ವೋಲ್ಟನ್ನು ಸುಲಭವಾಗಿ ಏರಿಸಬಹುದು, ಇಳಿಸಬಹುದು. ವೋಲ್ಟ್ ಏರಿಸಿ ಕಳುಹಿಸಿದರೆ ದಾರಿಯಲ್ಲಿ ವಿದ್ಯುತ್ ನಷ್ಟ ಕಡಿಮೆ. ಕೊಳ್ಳೇಗಾಲಕ್ಕೆ ಹತ್ತಿರದ ಶಿವನಸಮುದ್ರದಿಂದ 1902ರಲ್ಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲು ಸಾಧ್ಯವಾದದ್ದು ಹೀಗೆಯೇ.

ಆದ್ದರಿಂದ ಸಾಕೆಟ್‌ಗೂ ಸ್ಟೀರಿಯೊಗೂ ನಡುವೆ ಅಡಾಪ್ಟರ್ ಬೇಕು. ಅದು ಎರಡು ಕೆಲಸ ಮಾಡುತ್ತದೆ: 230 ವೋಲ್ಟನ್ನು 12ಕ್ಕೆ ಇಳಿಸುತ್ತದೆ, ಡಯೋಡ್‌ಗಳ ಸಹಾಯದಿಂದ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಬದಲಿಸುತ್ತದೆ.

12 ವೋಲ್ಟ್ ಇದ್ದರೆ ಸಾಕೇ? ಸಾಲದು, ಆಂಪಿಯರ್ ಕೂಡ ನೋಡಬೇಕು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಸ್ಟೀರಿಯೊಗೆ 60 ವ್ಯಾಟ್ ಬೇಕೆನ್ನಿ. 60 ÷ 12 = 5 ಆಂಪಿಯರ್. 1 ಆಂಪಿಯರ್‌ನ ಚಿಕ್ಕ ಅಡಾಪ್ಟರ್ ಕೊಡುವುದು 12 ವ್ಯಾಟ್ ಮಾತ್ರ. ಧ್ವನಿ ಹೆಚ್ಚಿಸಿದೊಡನೆ ಹಾಡು ನಿಂತುಹೋಗಬಹುದು, ಅಡಾಪ್ಟರ್ ಬಿಸಿಯಾಗಬಹುದು.

ಇನ್ನೊಂದು ವಿಷಯ. ಸಾಮಾನ್ಯವಾಗಿ ಸ್ಟೀರಿಯೊದ ಹಳದಿ, ಕೆಂಪು ತಂತಿಗಳೆರಡೂ ಧನ ತುದಿಗೆ, ಕಪ್ಪು ತಂತಿ ಋಣ ತುದಿಗೆ ಸೇರುತ್ತವೆ. ಧನಕ್ಕೆ ಎರಡು ತಂತಿ ಏಕೆ? ಕಾರಿನ ಕೀಲಿ ತಿರುಗಿಸಿದಾಗ ಮಾತ್ರ ಕೆಂಪು ತಂತಿಗೆ ವಿದ್ಯುತ್ ಬರುತ್ತದೆ. ಹಳದಿ ತಂತಿಗೆ ಯಾವಾಗಲೂ ಇರುತ್ತದೆ. ಗಡಿಯಾರವನ್ನು ನಡೆಸುವುದು, ರೇಡಿಯೊ ಕೇಂದ್ರಗಳ ನೆನಪನ್ನು ಉಳಿಸುವುದು ಇದೇ ತಂತಿ. ಮನೆಯಲ್ಲಿ ಕೀಲಿ ಇಲ್ಲವಲ್ಲ! ಅದಕ್ಕೇ ತಿಳಿದವರು ಎರಡನ್ನೂ ಸೇರಿಸಿ ಜೋಡಿಸುತ್ತಾರೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೌರದೀಪಗಳನ್ನು ಕಾಣಬಹುದು. ಸೌರಫಲಕ, ಬ್ಯಾಟರಿ ಎರಡೂ ಕೊಡುವುದು ನೇರ ವಿದ್ಯುತ್ತನ್ನೇ. 12 ವೋಲ್ಟ್ ಬ್ಯಾಟರಿ ಇದ್ದಲ್ಲಿ ಸ್ಟೀರಿಯೊಗೆ ಅಡಾಪ್ಟರ್ ಬೇಡ. ಆದರೆ ಫ್ಯೂಸ್ ಬೇಕೇ ಬೇಕು. ಬ್ಯಾಟರಿಯ ತಂತಿಗಳು ಒಂದಕ್ಕೊಂದು ತಾಗಿದರೆ ಕಾದು ಬೆಂಕಿ ಹತ್ತಬಹುದು. ಫ್ಯೂಸ್ ಅದಕ್ಕೆ ಮೊದಲೇ ಕರಗಿ ವಿದ್ಯುತ್ತನ್ನು ತಡೆಯುತ್ತದೆ.

ಎಚ್ಚರಿಕೆ: ಈ ಜೋಡಣೆ ನಿಮ್ಮ ಕೆಲಸವಲ್ಲ, ಎಲೆಕ್ಟ್ರಿಷಿಯನ್ ಮಾಡಲಿ.

ನೀವು ಮಾಡಬಹುದಾದದ್ದು: ಸಾಕೆಟ್‌ನಿಂದ ತೆಗೆದಿಟ್ಟ ಮೊಬೈಲ್ ಚಾರ್ಜರ್ ಮೇಲಿನ ಬರಹವನ್ನು ಓದಿ. ಒಳಬರುವ ವೋಲ್ಟ್ ಎಷ್ಟು? ಹೊರಬರುವ ವೋಲ್ಟ್, ಆಂಪಿಯರ್ ಎಷ್ಟು? ಗುಣಿಸಿ ವ್ಯಾಟ್ ಕಂಡುಹಿಡಿಯಿರಿ. ಅದು ಕಾರಿನ ಸ್ಟೀರಿಯೊವನ್ನು ಹಾಡಿಸಬಲ್ಲುದೇ? ಕಾರಣ ಸಹಿತ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.