ಮಣ್ಣಿನ ಬೈಕಿಗೆ ರಸ್ತೆಯ ಲೆಕ್ಕ ಒಗ್ಗದು

2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಬೆಂಗಳೂರಿನ ಸಿ.ಎಸ್. ಸಂತೋಷ್ 36ನೇ ಸ್ಥಾನದಲ್ಲಿ ಮುಗಿಸಿದರು. ಆ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಅವರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಕೂಡ ಡಕಾರ್ ಮುಗಿಸಿ ಬಂದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಇವರನ್ನು ನೋಡಿ ಡರ್ಟ್ ಬೈಕಿನ ಹುಚ್ಚು ಹತ್ತಿಸಿಕೊಂಡವರು ನಮ್ಮಲ್ಲಿ ಈಗ ಸಾಕಷ್ಟು ಮಂದಿ. ಕೋಲಾರದ ಬಳಿ ಸಂತೋಷ್ ಕಟ್ಟಿದ ಬಿಗ್ ರಾಕ್ ತರಬೇತಿ ಕೇಂದ್ರವಿದೆ. ಸೂಪರ್‌ಕ್ರಾಸ್ ಲೀಗ್ 2024ರಲ್ಲಿ ಬೆಂಗಳೂರಿಗೂ ಬಂದು ಹೋಯಿತು.

ಸ್ಪರ್ಧೆಯ ಬೈಕ್ ಕೊಳ್ಳುವ ಹೆಚ್ಚಿನವರು ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಹತ್ತಾರು ವರ್ಷ ಗಾಡಿ ಓಡಿಸಿರುತ್ತಾರೆ. ಸರ್ವಿಸ್ ಯಾವಾಗ, ಚೈನ್ ಎಷ್ಟು ಬಿಗಿ, ಟೈರಿಗೆ ಗಾಳಿ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಆ ಪಾಠ ಬೇರೆ ಗಾಡಿಯದು. ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗೆಂದಿರುವ ಮೋಟೋಕ್ರಾಸ್ ಬೈಕಿನ ವಿಷಯದಲ್ಲಿ ಜನ ಗಟ್ಟಿಯಾಗಿ ನಂಬಿರುವ, ಆದರೆ ಎಂಜಿನ್ನಿಗೂ ಎಲುಬಿಗೂ ಕುತ್ತು ತರುವ ಕೆಲವು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ರೇಸ್ ಬೈಕ್ ಗಟ್ಟಿಮುಟ್ಟು, ಸರ್ವಿಸ್ ಅಪರೂಪಕ್ಕೆ ಸಾಕು

ಸತ್ಯ: ಸ್ಪರ್ಧೆಗೆಂದೇ ಮಾಡಿದ ಗಾಡಿಯಷ್ಟು ಆರೈಕೆ ಬೇಡುವ ಬೈಕ್ ಇನ್ನೊಂದಿಲ್ಲ. ಇದರ ಆಯುಷ್ಯವನ್ನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಗಂಟೆಗಳಲ್ಲಿ. ಹ್ಯಾಂಡಲ್ ಬಳಿಯೋ ಎಂಜಿನ್ ಪಕ್ಕದಲ್ಲೋ ಅವರ್ ಮೀಟರ್ ಎಂಬ ಪುಟ್ಟ ಗಡಿಯಾರ ಕೂರಿಸಿರುತ್ತಾರೆ. ಎಂಜಿನ್ ಓಡಿದಷ್ಟು ಹೊತ್ತೂ ಅದು ಲೆಕ್ಕ ಇಡುತ್ತದೆ. 250 ಸಿಸಿಯ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಎಂಜಿನ್ ನಿಮಿಷಕ್ಕೆ 13 ಸಾವಿರ ಸುತ್ತನ್ನೂ ದಾಟಿ ತಿರುಗುತ್ತದೆ. ತೂಕ ಇಳಿಸಲೆಂದು ಪಿಸ್ಟನ್ ಗಿಡ್ಡ, ಆಯಿಲ್ ಕಡಿಮೆ. ಬಹುತೇಕ ಮಾದರಿಗಳಲ್ಲಿ ಆಯಿಲ್ ಒಂದೂವರೆ ಲೀಟರಿಗಿಂತ ಕಡಿಮೆಯೇ ಇರುತ್ತದೆ. ಕ್ಲಚ್ ಪ್ಲೇಟಿನ ಪುಡಿಯೆಲ್ಲ ಸೇರುವುದು ಸಾಮಾನ್ಯವಾಗಿ ಅದೇ ಆಯಿಲಿಗೆ.

ಹಾಗಾಗಿ ರಸ್ತೆ ಬೈಕಿನಲ್ಲಿ ಸಾವಿರಾರು ಕಿಲೋಮೀಟರಿಗೊಮ್ಮೆ ಬದಲಿಸುವ ಆಯಿಲನ್ನು ಇಲ್ಲಿ ಹತ್ತು ಹದಿನೈದು ಗಂಟೆಯ ಸವಾರಿಗೊಮ್ಮೆ ಬದಲಿಸಬೇಕಾಗುತ್ತದೆ. ಧೂಳು, ಕೆಸರು ಹೆಚ್ಚಿದ್ದರೆ ಇನ್ನೂ ಬೇಗ. ಪಿಸ್ಟನ್, ರಿಂಗ್‌ಗಳಿಗೂ ಗಂಟೆಯ ಗಡುವು ಉಂಟು. ಕೆಟ್ಟ ಮೇಲೆ ಬದಲಿಸುವ ಭಾಗಗಳಲ್ಲ ಅವು. ಕೆಡುವ ಮೊದಲೇ ಬದಲಿಸಬೇಕಾದವು. ಗಡುವು ಮೀರಿದ ಪಿಸ್ಟನ್ ಜಂಪಿನ ತುದಿಯಲ್ಲಿ ಜಾಮ್ ಆದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಗಾಡಿ ನೆಲಕ್ಕೆ ಹೇಗೆ ಬೀಳುತ್ತದೆ ಎಂಬುದು ಸವಾರನ ಕೈಯಲ್ಲಿರುವುದಿಲ್ಲ.

ತಪ್ಪು ಕಲ್ಪನೆ: ಏರ್ ಫಿಲ್ಟರಿಗೆ ಗಾಳಿ ಹೊಡೆದು ಧೂಳು ಕೊಡವಿದರೆ ಸಾಕು

ಸತ್ಯ: ಈ ಒಂದು ನಂಬಿಕೆ ಹಾಳುಮಾಡಿರುವಷ್ಟು ಎಂಜಿನ್‌ಗಳನ್ನು ಬೇರೆ ಯಾವ ನಂಬಿಕೆಯೂ ಹಾಳುಮಾಡಿರಲಾರದು. ರಸ್ತೆ ಬೈಕಿನಲ್ಲಿರುವುದು ಸಾಮಾನ್ಯವಾಗಿ ಕಾಗದದ ಫಿಲ್ಟರ್. ಮೋಟೋಕ್ರಾಸ್ ಬೈಕಿನದು ಫೋಮ್. ಧೂಳನ್ನು ಹಿಡಿಯುವ ಕೆಲಸ ಮಾಡುವುದು ಆ ಫೋಮಿಗೆ ಸವರಿದ ಅಂಟಂಟು ಎಣ್ಣೆ. ಎಣ್ಣೆ ಒಣಗಿದರೆ ನುಣುಪು ಧೂಳು ನೇರ ಸಿಲಿಂಡರಿಗೆ ಹೋಗಿ ರಿಂಗ್, ವಾಲ್ವ್‌ಗಳನ್ನು ಉಜ್ಜಿ ಸವೆಸುತ್ತದೆ. ಬಯಲುಸೀಮೆಯ ಕೆಮ್ಮಣ್ಣಿನ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿ ಬಂದ ಫಿಲ್ಟರನ್ನು ಬಿಚ್ಚಿ ನೋಡಿದರೆ ಮೇಲ್ಮೈಯೇ ಕಾಣದಷ್ಟು ಧೂಳು ಮೆತ್ತಿರುತ್ತದೆ.

ತೊಳೆಯುವುದಕ್ಕೂ ಕ್ರಮವಿದೆ. ಫಿಲ್ಟರ್ ತೆಗೆದ ಕೂಡಲೇ ಒಳಗಿನ ಬಾಯಿಗೆ ಶುಭ್ರವಾದ ಬಟ್ಟೆಯನ್ನೋ ಮುಚ್ಚಳವನ್ನೋ ಇಡಬೇಕು. ಫೋಮನ್ನು ಅದಕ್ಕೆಂದೇ ಬರುವ ಕ್ಲೀನರಿನಲ್ಲಿ ನೆನೆಸಿ, ಅಂಗೈಗಳ ನಡುವೆ ಮೆಲ್ಲಗೆ ಒತ್ತಿ ಕೊಳೆ ಬಿಡಿಸಬೇಕು. ಬಟ್ಟೆ ಹಿಂಡಿದಂತೆ ತಿರುಚಿದರೆ ಪದರಗಳನ್ನು ಕೂಡಿಸಿದ ಅಂಟು ಬಿಟ್ಟುಹೋಗುತ್ತದೆ. ಆಮೇಲೆ ಸಾಬೂನು ನೀರು, ತಿಳಿ ನೀರು. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ, ಇಡೀ ಫೋಮ್ ಒಂದೇ ಬಣ್ಣಕ್ಕೆ ತಿರುಗುವವರೆಗೆ ಅದುಮಬೇಕು. ಪೇಲವವಾಗಿ ಕಾಣುವ ಜಾಗಕ್ಕೆ ಎಣ್ಣೆ ತಲುಪಿಲ್ಲ ಎಂದೇ ಅರ್ಥ. ಕೂರಿಸುವ ಮೊದಲು ಅಂಚಿಗೆ ತೆಳ್ಳಗೆ ಗ್ರೀಸ್ ಸವರಿದರೆ ಸಂದಿಯಿಂದ ಧೂಳು ನುಸುಳದು.

ಪೆಟ್ರೋಲಿನಲ್ಲಿ ಫಿಲ್ಟರ್ ತೊಳೆಯುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಅದನ್ನು ಬಿಡಲೇಬೇಕು. ಪೆಟ್ರೋಲ್ ಫೋಮಿನ ಅಂಟನ್ನು ಕರಗಿಸುತ್ತದೆ. ಅದರ ಆವಿಗೆ ಒಂದು ಕಿಡಿ ತಗುಲಿದರೆ ಗ್ಯಾರೇಜೇ ಹೊತ್ತಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಚೈನ್ ಬಿಗಿಯಾದಷ್ಟೂ ಪಿಕಪ್ ಚೆನ್ನ

ಸತ್ಯ: ಮೋಟೋಕ್ರಾಸ್ ಬೈಕಿನ ಹಿಂಚಕ್ರ ಸುಮಾರು 300 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗಲೇ ಬಿಗಿಯಿದ್ದರೆ ಜಂಪಿನಿಂದ ಇಳಿಯುವ ಹೊತ್ತಿಗೆ ಅದಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಆಗ ಶಾಕ್ ಅಬ್ಸಾರ್ಬರ್ ಪೂರ್ತಿ ಇಳಿಯದಂತೆ ಚೈನ್ ತಡೆಯುತ್ತದೆ, ಗೇರ್‌ಬಾಕ್ಸಿನ ಬೇರಿಂಗ್ ಪೆಟ್ಟು ತಿನ್ನುತ್ತದೆ, ಕೊನೆಗೆ ಚೈನೇ ತುಂಡಾಗಿ ಎಂಜಿನ್ ಕವಚವನ್ನು ಒಡೆಯಬಹುದು. ರಸ್ತೆ ಬೈಕಿಗೆ ಹೋಲಿಸಿದರೆ ಜೋತುಬಿದ್ದಂತೆ ಕಾಣುವ ಚೈನೇ ಇಲ್ಲಿ ಸರಿ. ಹೆಚ್ಚಿನ ಗಾಡಿಗಳಲ್ಲಿ 50 ಮಿಲಿಮೀಟರ್ ಆಸುಪಾಸಿನ ಸಡಿಲ ಇರುತ್ತದೆ. ಖಚಿತ ಅಳತೆಯೂ ಅಳೆಯಬೇಕಾದ ಜಾಗವೂ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತವೆ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಗಾಡಿಯನ್ನು ಸ್ಟ್ಯಾಂಡಿಗೇರಿಸಿ, ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದನ್ನು ಎಲ್ಲೆಡೆ ಕಾಣಬಹುದು. ಬಟ್ಟೆಯ ಚುಂಗು ಸ್ಪ್ರಾಕೆಟ್ಟಿಗೆ ಸಿಕ್ಕರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು.

ತಪ್ಪು ಕಲ್ಪನೆ: ಟೈರಿಗೆ 30 ಪಿಎಸ್‌ಐ ಗಾಳಿ ಇರಲೇಬೇಕು

ಸತ್ಯ: ಪೆಟ್ರೋಲ್ ಬಂಕಿನ ಈ ಲೆಕ್ಕ ಡಾಂಬರಿಗೆ ಸರಿ. ಮಣ್ಣಿನಲ್ಲಿ ಗುಬಟು ಟೈರ್ ನೆಲವನ್ನು ಹಿಡಿಯಬೇಕಾದರೆ ತುಸು ಚಪ್ಪಟೆಯಾಗಬೇಕು. ಮೋಟೋಕ್ರಾಸ್‌ನಲ್ಲಿ ಸಾಮಾನ್ಯವಾಗಿ ಇಡುವುದು 12ರಿಂದ 15 ಪಿಎಸ್‌ಐ. ಹಾಗೆಂದು ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕು ತೂತಾಗುತ್ತದೆ. ಕಡಿಮೆ ಗಾಳಿಯಲ್ಲಿ ಟೈರ್ ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್ ಭದ್ರವಾಗಿದೆಯೇ ಎಂದು ನೋಡಬೇಕು. ಹೊಸ ಚಕ್ರದ ಸ್ಪೋಕ್‌ಗಳು ಮೊದಲ ಕೆಲವು ಸವಾರಿಗಳಲ್ಲೇ ಸಡಿಲವಾಗುತ್ತವೆ. ಸ್ಪಾನರಿನಿಂದ ಮೆಲ್ಲಗೆ ತಟ್ಟಿದಾಗ ಬಿಗಿಯಾದ ಸ್ಪೋಕ್ ಠಣ್ ಎನ್ನುತ್ತದೆ, ಸಡಿಲಾದದ್ದು ಮೊಂಡಾಗಿ ಸದ್ದು ಮಾಡುತ್ತದೆ.

ತಪ್ಪು ಕಲ್ಪನೆ: ಟೂ ಸ್ಟ್ರೋಕಿಗೆ ಆಯಿಲ್ ಹೆಚ್ಚು ಹಾಕಿದಷ್ಟೂ ಕ್ಷೇಮ

ಸತ್ಯ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ತಲೆಮಾರಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವುದು ಹೊಸದಲ್ಲ. 'ಒಂದು ಮುಚ್ಚಳ ಜಾಸ್ತಿ ಇರಲಿ' ಎಂಬ ಮಾತು ಆಗಿನಿಂದಲೂ ಇದೆ. ಆಯಿಲ್ ಮಿತಿಮೀರಿದರೆ ಪ್ಲಗ್ಗಿನಲ್ಲಿ ಮಸಿ ಕಟ್ಟಿ ಗಾಡಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಮಿಶ್ರಣದಲ್ಲಿ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ತಗ್ಗಿ ಎಂಜಿನ್ ಬಿಸಿಯೇರುವ ಸಂಭವವೂ ಇದೆ. ಕಂಪನಿ 40:1 ಎಂದಿದ್ದರೆ 5 ಲೀಟರ್ ಪೆಟ್ರೋಲಿಗೆ 125 ಮಿಲಿಲೀಟರ್ ಆಯಿಲ್. ಅಂದಾಜು ಬೇಡ, ಅಳತೆಯ ಲೋಟ ಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಟ್ಟು ಬಳಸುವುದೂ ತರವಲ್ಲ.

ತಪ್ಪು ಕಲ್ಪನೆ: ಮಣ್ಣಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು

ಸತ್ಯ: ವೇಗ ತಗ್ಗಿಸುವ ಕೆಲಸದ ದೊಡ್ಡ ಪಾಲು ಮಣ್ಣಿನಲ್ಲೂ ಮುಂದಿನ ಬ್ರೇಕಿನದೇ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬಂದು ಮುಂಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂಚಕ್ರ ಹಗುರಾಗುತ್ತದೆ. ಹಿಂದಿನದನ್ನಷ್ಟೇ ತುಳಿಯುವವರು ತಿರುವಿಗೆ ಮೊದಲು ವೇಗ ಇಳಿಸಲಾಗದೆ ಹೊರಕ್ಕೆ ಹೋಗುತ್ತಾರೆ. ಬೀಳುವುದು ಗಾಡಿ ವಾಲಿರುವಾಗ ಮುಂದಿನ ಲಿವರನ್ನು ಗಬಕ್ಕನೆ ಹಿಡಿದರೆ. ಅದಕ್ಕೇ ತರಬೇತುದಾರರು ಮೊದಲ ದಿನವೇ ಹೇಳಿಕೊಡುವುದು ಇದನ್ನು: ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಿ, ಲಿವರ್ ಮೇಲೆ ಒಂದೋ ಎರಡೋ ಬೆರಳು ಮಾತ್ರ ಇರಲಿ, ಒತ್ತಡ ಹಂತಹಂತವಾಗಿ ಏರಲಿ. ಉಳಿದ ಬೆರಳುಗಳು ಹ್ಯಾಂಡಲನ್ನು ಹಿಡಿದಿದ್ದರೆ ಗುಂಡಿಗೆ ಬಿದ್ದಾಗಲೂ ಕೈ ಜಾರುವುದಿಲ್ಲ.

ತಪ್ಪು ಕಲ್ಪನೆ: ಬೆಳೆಯುವ ಹುಡುಗ, ದೊಡ್ಡ ಸಿಸಿಯದ್ದೇ ಇರಲಿ

ಸತ್ಯ: ಶಾಲೆಯ ಯೂನಿಫಾರ್ಮ್ ಕೊಳ್ಳುವಾಗ ನಡೆಯುವ ಲೆಕ್ಕ ಇಲ್ಲಿ ನಡೆಯದು. 350 ಸಿಸಿಯ ಬುಲೆಟ್ ಸುಮಾರು 195 ಕಿಲೋ ತೂಗುತ್ತದೆ, ಅದರ ಶಕ್ತಿ 20 ಎಚ್‌ಪಿ. 450 ಸಿಸಿಯ ಮೋಟೋಕ್ರಾಸ್ ಬೈಕ್ ಸುಮಾರು 110 ಕಿಲೋ, ಶಕ್ತಿ 50 ಎಚ್‌ಪಿಗೂ ಹೆಚ್ಚು. ಹೊಸಬರು ಆತಂಕದಲ್ಲಿ ಹಿಂದಕ್ಕೆ ವಾಲಿದರೆ ಮಣಿಕಟ್ಟು ತಾನಾಗಿ ಆ್ಯಕ್ಸಲರೇಟರ್ ತಿರುಗಿಸುತ್ತದೆ, ಗಾಡಿ ಇನ್ನಷ್ಟು ಮುನ್ನುಗ್ಗಿ ಸವಾರನನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯುವುದು ಅಭ್ಯಾಸವಾಗಿರಬೇಕು. ಮಕ್ಕಳಿಗೆಂದೇ 50, 65, 85 ಸಿಸಿ ವಿಭಾಗಗಳಿರುವುದು ಇದಕ್ಕಾಗಿಯೇ. ಕಾಲು ನೆಲಕ್ಕೆ ತಾಗಬೇಕು, ಬಿದ್ದ ಗಾಡಿಯನ್ನು ತಾನೇ ಎತ್ತಲು ಬರಬೇಕು.

ತಪ್ಪು ಕಲ್ಪನೆ: ಹೆಲ್ಮೆಟ್ ಇದ್ದರೆ ಸಾಕು, ಅನುಭವಿಗಳಿಗೆ ಉಳಿದದ್ದು ಭಾರ

ಸತ್ಯ: 2020ರ ಡಕಾರ್‌ನಲ್ಲಿ ಸಂತೋಷ್ ಅವರ ತಂಡದ ಪಾಲೊ ಗೊನ್ಸಾಲ್ವೆಸ್ ಬಿದ್ದು ಪ್ರಾಣ ಕಳೆದುಕೊಂಡರು. ಪೋರ್ಚುಗಲ್‌ನ ಅವರು ರ‍್ಯಾಲಿಯಲ್ಲಿ ನುರಿತವರು. ಮರುವರ್ಷ ಸ್ವತಃ ಸಂತೋಷ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ರಿಯಾದ್‌ನ ವೈದ್ಯರು ಅವರನ್ನು ಕೃತಕ ಕೋಮಾದಲ್ಲಿಟ್ಟು ಉಳಿಸಿದರು. ಅನುಭವ ಯಾರಿಗೂ ವಿನಾಯಿತಿ ಕೊಡುವುದಿಲ್ಲ. 2021ರಿಂದ ಡಕಾರ್ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಯಿತು.

ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಪದರ ಪೆಟ್ಟನ್ನು ತಾನು ತಿಂದು ಕುಗ್ಗುತ್ತದೆ; ಮತ್ತೆ ಹಿಗ್ಗುವುದಿಲ್ಲ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಸದರಂತಿದ್ದರೂ ಅದರ ಕೆಲಸ ಮುಗಿದಂತೆಯೇ. ಮುಂದಿನ ಗಾಡಿ ಎಸೆಯುವ ಕಲ್ಲಿನಿಂದ ಕಣ್ಣು ಉಳಿಸಲು ಗಾಗಲ್ಸ್, ಪಾದ ತಿರುಚದಂತೆ ಮೊಣಕಾಲವರೆಗಿನ ಬೂಟು, ಎದೆ ಮತ್ತು ಬೆನ್ನಿಗೆ ಗಾರ್ಡ್, ಮಂಡಿಗೆ ಬ್ರೇಸ್ ಬೇಕೇ ಬೇಕು.

ತಪ್ಪು ಕಲ್ಪನೆ: ಟ್ರ್ಯಾಕ್ ಯಾಕೆ, ಊರಾಚೆ ರಸ್ತೆ ಇದೆ, ಕಾಡಿದೆ

ಸತ್ಯ: ಸ್ಪರ್ಧೆಯ ಬೈಕಿಗೆ ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಕನ್ನಡಿ ಯಾವುದೂ ಇಲ್ಲ. ಅದಕ್ಕೆ ನೋಂದಣಿ ಆಗುವುದಿಲ್ಲ, ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಅಪ್ರಾಪ್ತರ ಕೈಗೆ ಕೊಟ್ಟು ರಸ್ತೆಗಿಳಿಸಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸದ ಅವಕಾಶವಿದೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಪಶ್ಚಿಮ ಘಟ್ಟದ ಹುಲ್ಲುಗಾವಲಿನಲ್ಲಿ ಚಕ್ರ ಕೊರೆದ ಗೀರು ಮಳೆಗಾಲದಲ್ಲಿ ನೀರಿನ ದಾರಿಯಾಗಿ ಮಣ್ಣನ್ನು ಕೊಚ್ಚುತ್ತದೆ. ಕೆಂಡದಂತೆ ಕಾದ ಸೈಲೆನ್ಸರಿಗೆ ಬೇಸಿಗೆಯ ಒಣಹುಲ್ಲು ತಗುಲಿದರೆ ಬೆಂಕಿ.

ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡಿಸುತ್ತಾರೆ. ಜಂಪಿನ ಆಚೆ ಯಾರಾದರೂ ಬಿದ್ದಿದ್ದರೆ ಹಳದಿ ಬಾವುಟ ಬೀಸುತ್ತಾರೆ. ಆಗ ವೇಗ ಇಳಿಸಬೇಕು, ಹಾರಬಾರದು, ಯಾರನ್ನೂ ದಾಟಬಾರದು. ಊರಾಚೆಯ ದಿಬ್ಬದಲ್ಲಿ ಬಾವುಟ ಹಿಡಿಯುವವರೂ ಇಲ್ಲ, ಆಂಬುಲೆನ್ಸೂ ಇಲ್ಲ.

ಡರ್ಟ್ ಬೈಕ್ ಕೊಳ್ಳಲು ಹಣ ಕೂಡಿಡುತ್ತಿರುವವರು ಅದರಲ್ಲಿ ಒಂದು ಪಾಲನ್ನು ಗಾರ್ಡ್, ಬೂಟು, ಹೆಲ್ಮೆಟ್ ಮತ್ತು ತರಬೇತಿಗೆಂದು ಮೊದಲೇ ತೆಗೆದಿಡಲಿ. ಗಾಡಿ ಮನೆಗೆ ಬಂದ ದಿನ ಕಿಕ್ ಹೊಡೆಯುವ ಮೊದಲು ಕೈಪಿಡಿಯ ನಿರ್ವಹಣೆಯ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಅವರ್ ಮೀಟರಿನ ಅಂಕಿಯನ್ನು ಅದರ ಪಕ್ಕದಲ್ಲೇ ಬರೆಯುತ್ತಾ ಹೋಗಿ.