ನಿವೃತ್ತಿಯ ಮನೆಗೆ ವಿಮಾನ ನಿಲ್ದಾಣ ಎಷ್ಟು ಹತ್ತಿರವಿರಬೇಕು?



ಮನೆಯ ಹಿರಿಯರು ನಿವೃತ್ತರಾಗುವ ಹೊತ್ತಿಗೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಮುಂದೆ ಇರುವುದು ಎಲ್ಲಿ? ಹಿಂದೆಲ್ಲ ಇದಕ್ಕೆ ಉತ್ತರ ಹುಡುಕುವಾಗ ನೀರು, ಆಸ್ಪತ್ರೆ, ಬಸ್ಸು, ಬಂಧುಬಳಗ ಇವನ್ನು ನೋಡುತ್ತಿದ್ದರು. ಮಕ್ಕಳು ದೂರದೇಶಕ್ಕೆ ಹೋದ ಮನೆಗಳಲ್ಲಿ ಈಗ ಇನ್ನೊಂದು ಮಾತು ಸೇರಿಕೊಂಡಿದೆ: ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ಇದನ್ನು ತೂಗಿ ನೋಡುವ ಬಗೆಯನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರುಗಳ ಉದಾಹರಣೆಯಿಂದ ತಿಳಿಯೋಣ.

ಯಳಂದೂರಿನ ಮೇಷ್ಟ್ರೊಬ್ಬರು 60 ತುಂಬಿ ನಿವೃತ್ತರಾಗುತ್ತಿದ್ದಾರೆ ಎಂದುಕೊಳ್ಳಿ. ತಂದೆಯ ಕಾಲದ ಮನೆ ಇದೆ. ಮಗಳು ಅಮೆರಿಕದಲ್ಲಿದ್ದಾಳೆ. "ಅಪ್ಪಾ, ನೀವೂ ಅಮ್ಮನೂ ದೇವನಹಳ್ಳಿ ಕಡೆಗೇ ಬಂದುಬಿಡಿ. ವಿಮಾನ ಇಳಿದ ಒಂದು ಗಂಟೆಯಲ್ಲಿ ನಾನು ಮನೆಯಲ್ಲಿರುತ್ತೇನೆ" ಎನ್ನುತ್ತಾಳೆ. ಮೇಷ್ಟ್ರಿಗೆ ಊರು ಬಿಡಲು ಮನಸ್ಸಿಲ್ಲ. ಇಬ್ಬರ ಮಾತಿನಲ್ಲೂ ಪ್ರೀತಿ ಇದೆ. ಹಾಗಾದರೆ ತೀರ್ಮಾನ ಹೇಗೆ?

ಮೊದಲು ದಾರಿಯನ್ನು ನೋಡೋಣ. ಈ ಮೂರು ಊರುಗಳಲ್ಲಿ ರೈಲು ನಿಲ್ದಾಣವೂ ಇಲ್ಲ. ಬಸ್ಸು, ಕಾರುಗಳೇ ಗತಿ. ಬೆಂಗಳೂರಿನ ವಿಮಾನ ಸಂಚಾರ ಹಿಂದೆ ನಗರದೊಳಗಿನ ಎಚ್.ಎ.ಎಲ್. ನಿಲ್ದಾಣದಿಂದ ನಡೆಯುತ್ತಿತ್ತು. 2008ರ ಮೇ 24ರಂದು ಅದು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಸಾಗಿತು. ಕನಕಪುರದ ದಾರಿಯಲ್ಲಿ ದಕ್ಷಿಣದಿಂದ ಬರುವವರು ಅಲ್ಲಿಂದಾಚೆಗೆ ಇಡೀ ನಗರವನ್ನು ದಾಟಿ ಉತ್ತರದ ತುದಿಗೆ ಹೋಗಬೇಕಾಯಿತು. ಕೊಳ್ಳೇಗಾಲದಿಂದ ಅದು ಸುಮಾರು 170 ಕಿ.ಮೀ. ಯಳಂದೂರು, ಹನೂರುಗಳಿಂದ ಇನ್ನೂ ಹೆಚ್ಚು. ನಗರದ ವಾಹನ ದಟ್ಟಣೆ ಸೇರಿಸಿ ಐದು ಗಂಟೆ ಹಿಡಿಯಿರಿ.

ಮೈಸೂರಿನ ಮಂಡಕಳ್ಳಿ ಇದಕ್ಕಿಂತ ಬಹಳ ಹತ್ತಿರವಲ್ಲವೇ ಎಂದು ನೀವು ಕೇಳಬಹುದು. ನಿಜ. ನವೀಕರಣಗೊಂಡ ಆ ನಿಲ್ದಾಣ 2010ರಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿಯ ರನ್‌ವೇಯನ್ನು 1,740 ಮೀಟರ್ ಉದ್ದಕ್ಕೆ, ಸಣ್ಣ ವಿಮಾನಗಳಿಗೆ ತಕ್ಕಂತೆ ನಿರ್ಮಿಸಲಾಯಿತು. ಅಲ್ಲಿಂದ ಆರಂಭವಾದ ಸೇವೆಗಳು ನಿಂತದ್ದೂ ಉಂಟು, ಮತ್ತೆ ಶುರುವಾದದ್ದೂ ಉಂಟು. ನಿಲ್ದಾಣ ಹತ್ತಿರವಿದೆ ಎಂಬುದು ಒಂದು ಮಾತು. ನಮಗೆ ಬೇಕಾದ ಊರಿಗೆ ಅಲ್ಲಿಂದ ವಿಮಾನವಿದೆ ಎಂಬುದು ಇನ್ನೊಂದು ಮಾತು. ಕೊಯಮತ್ತೂರಿನಲ್ಲೂ ನಿಲ್ದಾಣವಿದೆ. ಆದರೆ ಆ ದಾರಿ 27 ಕಡಿದಾದ ತಿರುವುಗಳ ದಿಂಬಂ ಘಟ್ಟವನ್ನು ಇಳಿಯುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಈಗ ಲೆಕ್ಕಕ್ಕೆ ಬರೋಣ. ಮಗಳು ವರ್ಷಕ್ಕೊಮ್ಮೆ ಬಂದುಹೋದರೆ ಆ ದಾರಿಯಲ್ಲಿ 2 ಪ್ರಯಾಣ. ದಂಪತಿಗಳು ಎರಡು ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗಿಬಂದರೆ ವರ್ಷದ ಸರಾಸರಿ 1. ಒಟ್ಟು 3. ಒಂದಕ್ಕೆ 5 ಗಂಟೆಯಂತೆ 15 ಗಂಟೆ. ದೇವನಹಳ್ಳಿಯ ಬಳಿ ಮನೆಯಿದ್ದರೆ 3 ಗಂಟೆ. ಉಳಿತಾಯ ವರ್ಷಕ್ಕೆ 12 ಗಂಟೆ. ಅದರಲ್ಲೂ 8 ಗಂಟೆ ಮಗಳದು. ಹಿರಿಯರಿಗೆ ಉಳಿಯುವುದು 4 ಗಂಟೆ ಮಾತ್ರ!

ಇನ್ನೊಂದು ತಟ್ಟೆಯಲ್ಲಿ ಏನಿದೆ? ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಗೆ ತಿಂಗಳಿಗೊಮ್ಮೆ ವೈದ್ಯರು, ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರ, ದಿನವೂ ಹಾಲು, ತರಕಾರಿ, ಸಂಜೆಯ ಮಾತು. ಚಾಮರಾಜನಗರದ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆ 2021ರಲ್ಲಿ ಉದ್ಘಾಟನೆಗೊಂಡಿತು. ಯಳಂದೂರಿನ ಮುದುಕರಿಗೆ ಈ ಆಸ್ಪತ್ರೆಯ ದೂರ ವಿಮಾನ ನಿಲ್ದಾಣದ ದೂರಕ್ಕಿಂತ ದೊಡ್ಡ ವಿಷಯ. ಹನೂರಿನ ಆಚೆಯ ಹಳ್ಳಿಯವರಾದರೆ ಇದೇ ಲೆಕ್ಕ ಬೇರೆಯಾಗುತ್ತದೆ. ಅಂಥವರು ಕೊಳ್ಳೇಗಾಲ ಪಟ್ಟಣಕ್ಕೆ ಬಂದು ನೆಲೆಸುವುದೇ ಮೇಲಾಗಬಹುದು.

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1974ರಲ್ಲಿ ಸ್ಥಾಪನೆಯಾದ ಟಿಬೆಟನ್ ನೆಲೆ ಇದೆ. ಭಾರತದ ಇಂಥ ನೆಲೆಗಳಿಂದ ಅನೇಕ ತರುಣರು ಹೊರದೇಶಗಳಿಗೆ ಹೋಗಿದ್ದಾರೆ. ಆದರೂ ಹಿರಿಯರನ್ನು ಅಲ್ಲಿ ಹಿಡಿದಿಟ್ಟಿರುವುದು ತಮ್ಮ ಭಾಷೆ, ತಮ್ಮ ಪ್ರಾರ್ಥನಾ ಮಂದಿರ, ತಮ್ಮ ಜನ.

ಹಾಗೆಂದು ಮಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ಒಂದು ರಾತ್ರಿ ಕೆಟ್ಟ ಸುದ್ದಿ ಬಂದರೆ? ಅಮೆರಿಕದಿಂದ ಬರಲು ಹೆಚ್ಚುಕಡಿಮೆ ಒಂದು ದಿನ ಬೇಕು. ಕೊನೆಯಲ್ಲಿ ಉಳಿಯುವ ನಾಲ್ಕು ಗಂಟೆಯಿಂದ ಅವಳು ತಂದೆಯ ಮುಖ ನೋಡುವುದು ತಪ್ಪಲೂಬಹುದು. ಆದರೆ ಆ ಇಡೀ ದಿನ ತಾಯಿಯ ಬಳಿ ಕುಳಿತಿರುವವರು ಯಾರು? 108ಕ್ಕೆ ಫೋನ್ ಮಾಡುವವರು, ಆಂಬುಲೆನ್ಸ್ ಹತ್ತುವವರು ಯಾರು? ಹೊಸ ಬಡಾವಣೆಯಲ್ಲಿ ಅಂಥವರು ಸಿಗುತ್ತಾರೆಯೇ? ಈ ಪ್ರಶ್ನೆಗೆ ಸಿಗುವ ಉತ್ತರ 12 ಗಂಟೆಗಳ ಲೆಕ್ಕಕ್ಕಿಂತ ಭಾರವಾದುದು.

ತಿಂಗಳು ತಿಂಗಳೂ ವಿಮಾನ ಹತ್ತಬೇಕಾದವರಿಗೆ ನಿಲ್ದಾಣದ ಸಮೀಪವೇ ಸರಿ. ಉಳಿದವರು ದೂರವನ್ನು ಹಗುರ ಮಾಡಿಕೊಳ್ಳಬಹುದು. ಮೈಸೂರಿನಿಂದ ದೇವನಹಳ್ಳಿಗೆ ನೇರವಾಗಿ ಹೋಗುವ ಸಾರಿಗೆ ಸಂಸ್ಥೆಯ ಫ್ಲೈಬಸ್ಸಿದೆ. ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆ ಸೇರಬಹುದು. ಮೊದಲೇ ತಿಳಿಸಿದರೆ ವಿಮಾನ ಸಂಸ್ಥೆ ಗಾಲಿಕುರ್ಚಿ ಒದಗಿಸುತ್ತದೆ.

ನಿಮ್ಮ ಮನೆಯಲ್ಲೂ ಈ ಲೆಕ್ಕ ಹಾಕಿ ನೋಡಿ. ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ: ವರ್ಷಕ್ಕೆ ಎಷ್ಟು ಪ್ರಯಾಣ? ಪ್ರಯಾಣ ಮಾಡುವವರು ಯಾರು? ಯಾವ ಹೊತ್ತಿನಲ್ಲಿ? ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವವರು ಯಾರು? ಉತ್ತರಗಳನ್ನು ಮಾತ್ರ ನೀವು ಬರೆಯಬೇಡಿ. ಆ ಮನೆಯಲ್ಲಿ ಬಾಳಬೇಕಾದ ಹಿರಿಯರನ್ನೇ ಕೇಳಿ.